ಲೈ–ಲೇ, ಲೂಸ್–ಲೂಸ್, ಅಡಾಪ್ಟ್–ಅಡಾಪ್ಟ್: ಒಂದೇ ಥರ ಕೇಳೋ ಇಂಗ್ಲಿಷ್ ಕ್ರಿಯಾಪದಗಳು ತಲೆ ಕೆಡಿಸ್ತಿವೆ

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಈಗ ಬೆಂಗಳೂರಲ್ಲಿ ಒಂದು ಕಂಪನಿಯ ಸಪೋರ್ಟ್ ಟೀಮಲ್ಲಿದೀನಿ. ಕೆಲಸ ಗೊತ್ತು, ಮಾತಾಡೋಕೂ ಭಯ ಇಲ್ಲ. ಮೇಲ್ ಬರೆಯೋವಾಗಲೇ ಸಿಕ್ಕಿಬೀಳೋದು.

ಮೊನ್ನೆ ಕ್ಲೈಂಟಿಗೆ ಕಳಿಸಿದ ಒಂದೇ ಮೇಲಲ್ಲಿ ಮೂರು ತಪ್ಪು. ‘ದಿ ಪ್ರಾಬ್ಲಮ್ ಲೇಸ್ ಇನ್ ದಿ ಸರ್ವರ್’ ಅಂದಿದ್ದೆ. ‘ವಿ ವಿಲ್ ನಾಟ್ ಲೂಸ್ ಯುವರ್ ಡೇಟಾ’ ಅನ್ನೋದಕ್ಕೆ ಎರಡು ಓ ಹಾಕಿದ್ದೆ. ದೂರು ದಾಖಲಿಸಿದ್ದಕ್ಕೆ ‘ಟಿಕೆಟ್ ರೈಸ್ ಮಾಡಿದೀವಿ’ ಅಂತ ಬಾಯಲ್ಲಿ ಹೇಳ್ತೀವಲ್ಲ, ಅದನ್ನೇ ಇಂಗ್ಲಿಷಲ್ಲಿ ‘ರೈಸ್ಡ್’ ಅಂತ ಬರೆದಿದ್ದೆ. ಮ್ಯಾನೇಜರು ಮೀಟಿಂಗಲ್ಲಿ ಅದನ್ನ ದೊಡ್ಡ ಸ್ಕ್ರೀನಿಗೆ ಹಾಕಿ ಓದಿದ್ರು. ನಕ್ಕವರಲ್ಲಿ ಅರ್ಧ ಜನಕ್ಕೂ ತಪ್ಪು ಎಲ್ಲಿದೆ ಅಂತ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಪಟ್ಟಿ ಇಟ್ಕೊಂಡು ಬಾಯಿಪಾಠ ಮಾಡಿದೀನಿ. ಲೈ–ಲೇ–ಲೇನ್, ಲೇ–ಲೇಯ್ಡ್–ಲೇಯ್ಡ್. ಎರಡು ದಿನ ಇರುತ್ತೆ, ಮೂರನೇ ದಿನ ಹಾರಿಹೋಗುತ್ತೆ. ಬಾಯಿಪಾಠ ಬಿಟ್ಟು ಬೇರೆ ದಾರಿ ಏನಾದ್ರೂ ಇದೆಯಾ?

ನಿವೃತ್ತ_ಮೇಡಂ_ತಿಪಟೂರು

ನೋಡಪ್ಪಾ, ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಇದನ್ನೇ ಕಲಿಸಿದೀನಿ. ಪಟ್ಟಿ ಕೊಟ್ಟು ಕಲಿಸಿದ ವರ್ಷಗಳೆಲ್ಲ ದಂಡ.

‘ಲೇ’ ನಿನಗೆ ಆಗಲೇ ಗೊತ್ತು, ಗೊತ್ತಿದೆ ಅನ್ನೋದು ಗೊತ್ತಿಲ್ಲ ಅಷ್ಟೇ. ಕೋಳಿ ಫಾರಂ ನೋಡಿದೀಯಲ್ಲ? ಮಾಂಸಕ್ಕೆ ಬ್ರಾಯ್ಲರ್, ಮೊಟ್ಟೆಗೆ ಲೇಯರ್. ಲೇಯರ್ ಕೋಳಿ ಸುಮ್ಮನೆ ಮಲಗಿರಲ್ಲ, ಮೊಟ್ಟೆ ಇಡುತ್ತೆ. ಬೆಂಗಳೂರಲ್ಲಿ ಸೈಟು ಕೊಳ್ಳೋದು ಎಲ್ಲಿ? ಲೇಔಟಲ್ಲಿ. ಜಮೀನು ಅಳೆದು ರಸ್ತೆ, ಸೈಟು ಹಾಸಿ ಇಟ್ಟಿರ್ತಾರೆ. ನಿಮ್ಮ ಐಟಿಯವರು ಹೆದರೋದು ಯಾವುದಕ್ಕೆ? ಲೇಆಫಿಗೆ. ಯಾರೋ ಯಾರನ್ನೋ ಕೆಲಸದಿಂದ ತೆಗೆದು ಪಕ್ಕಕ್ಕೆ ಇಡ್ತಾರೆ. ಮೂರರಲ್ಲೂ ಒಬ್ಬರು ಇನ್ನೊಂದನ್ನ ಇಡ್ತಾ ಇದಾರೆ. ‘ಏನನ್ನು?’ ಅಂತ ಕೇಳಿದ್ರೆ ಉತ್ತರ ಇದೆ: ಮೊಟ್ಟೆಯನ್ನು, ಸೈಟನ್ನು, ಪಾಪದ ಎಂಜಿನಿಯರನ್ನು.

‘ಪ್ರಾಬ್ಲಮ್ ಸರ್ವರಲ್ಲಿದೆ’ ಅನ್ನೋವಾಗ ಏನನ್ನು ಅಂತ ಕೇಳು. ಉತ್ತರ ಇಲ್ಲ. ಅದು ತಾನೇ ಅಲ್ಲಿ ಬಿದ್ದುಕೊಂಡಿದೆ. ಹಾಗಾಗಿ ‘ಲೈಸ್’.

1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದರು. ಇಂಗ್ಲಿಷಲ್ಲಿ ಹೇಳೋದಾದ್ರೆ ‘ನೆಹರೂ ಲೇಯ್ಡ್ ದಿ ಫೌಂಡೇಶನ್ ಸ್ಟೋನ್’. ಏನನ್ನು? ಕಲ್ಲನ್ನು. ಆ ಕಲ್ಲು ತನ್ನ ಪಾಡಿಗೆ ಅಲ್ಲೇ ಇರೋದಕ್ಕೆ ‘ದಿ ಸ್ಟೋನ್ ಲೈಸ್ ದೇರ್’.

ಸುಮ್ನೆ_ಓದೋನು

ಮೇಡಂ, ಇದು ನಿನ್ನೆಗೆ ಬಂದಾಗ ಕೆಟ್ಟುಹೋಗುತ್ತಲ್ಲ? ‘ನಿನ್ನೆ ಇಡೀ ದಿನ ಮಲಗಿದ್ದೆ’ ಅನ್ನೋದಕ್ಕೆ ‘ಐ ಲೇ ಇನ್ ಬೆಡ್’ ಅಂತಾರೆ. ಏನನ್ನು ಅಂದ್ರೆ ಉತ್ತರ ಇಲ್ಲ, ಆದ್ರೂ ‘ಲೇ’!

ನಿವೃತ್ತ_ಮೇಡಂ_ತಿಪಟೂರು

ಅದೇ ಗುಂಡಿ. ಎಲ್ಲರೂ ಬೀಳೋದು ಅಲ್ಲೇ. ಮಲಗೋದರ ಭೂತಕಾಲವೂ, ಮಲಗಿಸೋದರ ವರ್ತಮಾನವೂ ಒಂದೇ ವೇಷ ಹಾಕಿವೆ. ಅಲ್ಲಿ ಮಾತ್ರ ಕಾಲ ನೋಡಬೇಕು. ‘ನಿನ್ನೆ’ ಅಂತ ಇದ್ದು ಏನನ್ನು ಅನ್ನೋದಕ್ಕೆ ಉತ್ತರ ಇಲ್ಲದಿದ್ರೆ ‘ಲೇ’, ಉತ್ತರ ಇದ್ರೆ ‘ಲೇಯ್ಡ್’. ಇನ್ನು ಸುಳ್ಳು ಹೇಳೋ ‘ಲೈ’ ಈ ಮನೆಯವನೇ ಅಲ್ಲ, ಬೇರೆ ಮೂಲದವನು. ‘ಲೈ–ಲೈಡ್–ಲೈಡ್’ ಅಂತ ನೆಟ್ಟಗೆ ನಡೀತಾನೆ. ಸುಳ್ಳುಗಾರನೇ ನಿಯಮಕ್ಕೆ ಬದ್ಧ, ನೋಡಿ!

ಮ್ಯೂನಿಕ್_ಕನ್ನಡಿಗ

ಮೇಡಂ, ನಿಮ್ಮ ‘ಮಲಗು, ಮಲಗಿಸು’ ನೋಡಿ ಸುಮ್ಮನಿರೋಕಾಗ್ಲಿಲ್ಲ. ನಾನು ಈ ಊರಿಗೆ ಬಂದು ಜರ್ಮನ್ ಕಲಿತ ಮೇಲೇ ಇಂಗ್ಲಿಷಿನ ಈ ಗೋಳು ಅರ್ಥ ಆಗಿದ್ದು.

ನಮ್ಮಲ್ಲಿ ‘ಇಸು’ ಅನ್ನೋ ಒಂದು ಬಾಲ ಇದೆ. ಕೂರು, ಕೂರಿಸು. ಬೀಳು, ಬೀಳಿಸು. ಕುಡಿ, ಕುಡಿಸು. ಕಲಿ, ಕಲಿಸು. ತಾನೇ ಮಾಡೋದು ಒಂದು, ಬೇರೆಯವರಿಂದ ಮಾಡಿಸೋದು ಇನ್ನೊಂದು. ಇಂಗ್ಲಿಷ್, ಜರ್ಮನ್ ಎಲ್ಲ ಒಂದೇ ಭಾಷೆಯಾಗಿದ್ದ ಕಾಲದಲ್ಲಿ ಅವರಿಗೂ ಇಂಥದ್ದೇ ಬಾಲ ಇತ್ತು, ‘ಯನ್’ ಅನ್ನೋ ಥರ. ಕೂರು ಅನ್ನೋ ಪದದ ‘ಸಟ್’ ರೂಪಕ್ಕೆ ಅದನ್ನ ಸೇರಿಸಿದ್ರೆ ‘ಸಟ್ಯನ್’, ಅಂದ್ರೆ ಕೂರಿಸು. ಆ ‘ಯ’ ಹಿಂದಿನ ಅಕಾರವನ್ನ ತನ್ನ ಕಡೆ ಎಳ್ಕೊಂಡು ಎಕಾರ ಮಾಡಿ, ಆಮೇಲೆ ತಾನೇ ಉದುರಿಹೋಯ್ತು. ಉಳಿದದ್ದು ‘ಸೆಟ್’. ಬಾಲ ಹೋಗಿದೆ, ಬಾಲ ತಗುಲಿದ ಕಲೆ ಮಾತ್ರ ಸ್ವರದಲ್ಲಿ ಇದೆ.

ಹಾಗಾಗಿ ‘ಸಿಟ್’ ಅಂದ್ರೆ ಕೂರು, ‘ಸೆಟ್’ ಕೂರಿಸು. ‘ಲೈ’ ಮಲಗು, ‘ಲೇ’ ಮಲಗಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು. ಇವು ಕಾಕತಾಳೀಯವಾಗಿ ಒಂದೇ ಥರ ಕೇಳೋ ಪದಗಳಲ್ಲ, ತಾಯಿ ಮಗು. ಒಂದೇ ಥರ ಕೇಳದೆ ಇನ್ನು ಹೇಗೆ ಕೇಳಬೇಕು?

ಜರ್ಮನಲ್ಲಿ ಈ ಜೋಡಿಗಳು ಇವತ್ತಿಗೂ ಗಟ್ಟಿಯಾಗಿವೆ. ಲೀಗನ್, ಲೇಗನ್. ಜ಼ಿಟ್ಸನ್, ಜ಼ೆಟ್ಸನ್. ಫಲ್ಲನ್, ಫೆಲ್ಲನ್. ಟ್ರಿಂಕನ್ ಅಂದ್ರೆ ಕುಡಿ, ಟ್ರೆಂಕನ್ ಅಂದ್ರೆ ದನಕ್ಕೆ ನೀರು ಕುಡಿಸು. ಇಲ್ಲಿ ಕ್ಲಾಸಲ್ಲಿ ಪಕ್ಕದಲ್ಲಿ ಕೂತಿದ್ದ ಬೇರೆ ದೇಶದವರು ತಲೆ ಕೆರ್ಕೊಳ್ತಿದ್ದಾಗ ನಾನು ಮನಸ್ಸಲ್ಲೇ ‘ಇಸು’ ಹಾಕ್ಕೊಂಡು ದಾಟಿಬಿಟ್ಟೆ.

ಕಾಫಿಗಿಡ_ಸಕಲೇಶಪುರ

ಕುಡಿ, ಕುಡಿಸು ಅಂದ್ರಲ್ಲ, ಅದರ ಇಂಗ್ಲಿಷ್ ಜೋಡಿ ಯಾವುದು ಸರ್? ‘ಡ್ರಿಂಕ್’ ಸರಿ. ಇನ್ನೊಂದು?

ಮ್ಯೂನಿಕ್_ಕನ್ನಡಿಗ

‘ಡ್ರೆಂಚ್’. ಮೊದಲು ಅದರ ಅರ್ಥ ಕುಡಿಸು ಅಂತಲೇ. ಮಳೇಲಿ ನೆನೆದು ತೊಪ್ಪೆಯಾದೆ ಅನ್ನೋ ಅರ್ಥ ಆಮೇಲೆ ಬಂದಿದ್ದು.

ಕಾಫಿಗಿಡ_ಸಕಲೇಶಪುರ

ಅಯ್ಯೋ! ನಾವು ವರ್ಷಾವರ್ಷ ಮೆಣಸಿನ ಬಳ್ಳಿಗೆ ‘ಡ್ರೆಂಚಿಂಗ್’ ಮಾಡ್ತೀವಿ. ಸೊರಗು ರೋಗಕ್ಕೆ ಬುಡಕ್ಕೆ ಔಷಧಿ ಹೊಯ್ಯೋದು. ಎಲೆಗೆ ಹೊಡೆದ್ರೆ ಸ್ಪ್ರೇ, ಬೇರಿಗೆ ಕುಡಿಸಿದ್ರೆ ಡ್ರೆಂಚಿಂಗ್. ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಆ ಪದ ಮಾತ್ರ ನನಗಿಂತ ಚೆನ್ನಾಗಿ ಬಳಸ್ತಾರೆ. ದನದ ಡಾಕ್ಟ್ರೂ ಹಸುವಿಗೆ ಬಾಯಿಂದ ಔಷಧಿ ಹಾಕೋದಕ್ಕೆ ಡ್ರೆಂಚ್ ಅಂತಾರೆ. ನಮ್ಮ ಕಡೆ ಬಿದಿರಿನ ಗೊಟ್ಟದಲ್ಲಿ ಹಾಕ್ತಿದ್ವಲ್ಲ, ಅದೇ.

‘ಫೆಲ್’ ಕೂಡ ನಮಗೆ ಹೊಸದಲ್ಲ. ತೋಟದಲ್ಲಿ ಹೆಚ್ಚಿನ ಜಾತಿಯ ಮರ ಕಡಿಬೇಕಂದ್ರೆ ಅರಣ್ಯ ಇಲಾಖೆಯ ‘ಫೆಲ್ಲಿಂಗ್ ಪರ್ಮಿಶನ್’ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಒಂದ್ಸಲ ಅರ್ಜಿಯಲ್ಲಿ ಗಾಳಿಗೆ ಬಿದ್ದ ಮರದ ಬಗ್ಗೆ ‘ದಿ ಟ್ರೀ ವಾಸ್ ಫೆಲ್ಡ್’ ಅಂತ ಬರೆದುಬಿಟ್ಟಿದ್ದೆ. ಗಾರ್ಡು ಸ್ಥಳಕ್ಕೆ ಬಂದು ‘ಯಾರು ಕಡಿದಿದ್ದು?’ ಅಂತ ಶುರು ಮಾಡಿದ. ತಾನಾಗಿ ಬಿದ್ದಿದ್ರೆ ‘ಫೆಲ್’, ನಾನು ಬೀಳಿಸಿದ್ರೆ ‘ಫೆಲ್ಡ್’. ಕೊನೇಲಿ ಒಂದು ‘ಡ್’ ಹೆಚ್ಚು ಹಾಕಿದ್ದಕ್ಕೆ ಮೂರು ಸಲ ಆಫೀಸಿಗೆ ಅಲೆದೆ.

ಹುಳುಮನೆ_ಶಿಡ್ಲಘಟ್ಟ

ಅಣ್ಣಾ, ಹಂಗಾದ್ರೆ ರೈಸು, ರೇಸು? ಎಬ್ಬಿಸೋದಾ ಅದು?

ಮ್ಯೂನಿಕ್_ಕನ್ನಡಿಗ

ಹೌದು, ‘ರೈಸ್’ ಏಳು, ‘ರೇಸ್’ ಎಬ್ಬಿಸು, ಎತ್ತು. ಸೂರ್ಯ ಏಳ್ತಾನೆ, ಅವನನ್ನ ಯಾರೂ ಎಬ್ಬಿಸಲ್ಲ, ‘ರೈಸಸ್’. ಕೈ ಎತ್ತೋದು ‘ರೇಸ್’. ಟಿಕೆಟ್ ತಾನಾಗಿ ಏಳಲ್ಲ, ದೋಸೆ ಸರ್ ಎಬ್ಬಿಸ್ತಾರೆ, ಹಾಗಾಗಿ ‘ರೇಸ್ಡ್’.

ಆದ್ರೆ ‘ರೇಸ್’ ಇಂಗ್ಲಿಷಿನ ಸ್ವಂತ ಮಗು ಅಲ್ಲ, ಮನೆಗೆ ಬಂದ ಸೊಸೆ. ಒಂಬತ್ತನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವದ ಕಡೆ ನೆಲೆಸಿದ ವೈಕಿಂಗರ ಭಾಷೆಯಿಂದ ಬಂದಿದ್ದು. ಇಂಗ್ಲಿಷಿನ ಹೆತ್ತ ಮಗಳು ‘ರಿಯರ್’.

ಹುಳುಮನೆ_ಶಿಡ್ಲಘಟ್ಟ

ರಿಯರ್ ಅಂದ್ರೆ ನಮ್ಮ ‘ರೇರಿಂಗ್’ ಅಲ್ವಾ! ನಮ್ಮೂರಲ್ಲಿ ರೇಷ್ಮೆ ಹುಳು ಸಾಕೋ ಮನೆಗೆ ರೇರಿಂಗ್ ಮನೆ ಅಂತಾನೇ ಹೆಸರು. ಹುಳ ಜ್ವರಕ್ಕೆ, ಅಂದ್ರೆ ಪೊರೆ ಬಿಡೋಕೆ, ಕೂತು ಏಳುತ್ತೆ, ಅದು ರೈಸು. ಅದನ್ನ ಸೊಪ್ಪು ಹಾಕಿ ಬೆಳೆಸೋದು ರೇರಿಂಗು. ಏಳೋದು ಹುಳದ ಕೆಲಸ, ನಿದ್ದೆಗೆಡೋದು ನಮ್ಮ ಕೆಲಸ 😀

ಸುಮ್ನೆ_ಓದೋನು

ಇತಿಹಾಸ ಚೆನ್ನಾಗಿದೆ. ಆದ್ರೆ ನಾನೊಂದು ಅಡ್ಡಮಾತು ಹಾಕ್ತೀನಿ. ಇಂಗ್ಲಿಷನ್ನೇ ತಾಯಿಭಾಷೆ ಮಾಡ್ಕೊಂಡವರೂ ‘ಲೇ ಡೌನ್’ ಅಂತಾರೆ. ಯೋಗ ಕ್ಲಾಸಿನ ವಿಡಿಯೊ ಯಾವುದಾದ್ರೂ ಹಾಕಿ, ಶವಾಸನ ಬಂದ ಕೂಡಲೇ ‘ಲೇ ಡೌನ್ ಆನ್ ಯುವರ್ ಬ್ಯಾಕ್’. ಅವರೇ ಕಳ್ಕೊಂಡಿದ್ದನ್ನ ನಾವ್ಯಾಕೆ ಕಾಪಾಡಬೇಕು?

ಇನ್ನೊಂದು ಪ್ರಶ್ನೆ. ಕಟ್ಟಡ ಎಬ್ಬಿಸೋದೂ ‘ರೇಸ್’, ನೆಲಸಮ ಮಾಡೋದೂ ‘ರೇಜ಼್’, ಕೇಳೋಕೆ ಎರಡೂ ತಾಳೆ. ಒಂದು ಎಸ್, ಒಂದು ಜ಼ೆಡ್. ಇದಕ್ಕೆ ಯಾವ ‘ಇಸು’ ಹಾಕ್ತೀರಿ?

ನಿವೃತ್ತ_ಮೇಡಂ_ತಿಪಟೂರು

ಅವರು ‘ಲೇ ಡೌನ್’ ಅಂದ್ರೆ ಆಡುಮಾತು, ನಾವು ಅಂದ್ರೆ ತಪ್ಪು. ಅನ್ಯಾಯವೇ. ಆದ್ರೆ ಆ ಹುಡುಗನ ಮೇಲು ಸ್ಕ್ರೀನ್ ಮೇಲೆ ಹೋಗಿದ್ದು ನಿಜ ತಾನೇ? ನಿಯಮ ಗೊತ್ತಿದ್ದು ಮುರಿದ್ರೆ ಅದರ ಗತ್ತೇ ಬೇರೆ.

‘ರೇಜ಼್’ ಮಾತ್ರ ನೀವು ಹೇಳಿದ ಹಾಗೆ ಬೇರೆ ರೋಗ. ನೆಂಟಸ್ತನ ಇಲ್ಲ, ಧ್ವನಿ ಮಾತ್ರ ಒಂದೇ. ಬುಲ್ಡೋಜ಼ರ್‌ನಲ್ಲಿರೋ ಜ಼ೆಡ್ ಕೆಡವೋ ‘ರೇಜ಼್’ನಲ್ಲೂ ಇದೆ ಅಂತ ನೆನಪಿಟ್ಟುಕೊಳ್ಳಿ.

ಧಾರವಾಡದಂವ

ನಮಸ್ಕಾರ್ರೀ. ಮೇಡಂ ಬೇರೆ ರೋಗ ಅಂದ್ರಲ್ಲ, ನಾ ಆ ರೋಗದ ಬಗ್ಗೆ ಹೇಳ್ತೇನಿ. ಲೂಸ್, ಲೂಸ್ ಅಂತ ಬರದಾರಲ್ಲ ಮ್ಯಾಲೆ, ಕನ್ನಡದಾಗ ಬರದ್ರ ಎರಡೂ ಒಂದ ಕಾಣಸ್ತಾವ. ಅಲ್ಲೇ ಐತಿ ನೋಡ್ರಿ ಗಂಟು. ಇಂಗ್ಲಿಷಿನ್ಯಾಗ ಅವು ಬ್ಯಾರೆ ಬ್ಯಾರೆ ಕೇಳಸ್ತಾವ, ನಮ್ಮ ಕಿವಿಯೊಳಗ ಬಂದು ಒಂದಾಗತಾವ.

ಕಳಕೊಳ್ಳೂದು ‘ಲೂಜ಼್’. ನಮ್ಮ ಕಡೆ ‘ಜರಾ ತಡೀರಿ’ ಅಂತೀವಲ್ಲ, ಆ ಜ. ಸಡಲ ಇರೂದು ‘ಲೂಸ್’, ಸಕ್ಕರಿ ಸ. ಸಡಲ ಲೂಸಿಗೆ ಎರಡು ಓ. ಊರಾಗ ಒಬ್ಬ ಲೂಸ ಇದ್ದಾನ ಅಂದ್ರ ಅವಗ ಏನೋ ಒಂದು ಹೆಚ್ಚಿಗಿ ಐತಿ ಅಂತ ತಿಳ್ಕೊಳ್ರಿ, ಆ ಹೆಚ್ಚಿಗಿ ಓ. ಡೇಟಾ ‘ಲೂಸ್’ ಮಾಡೂದಿಲ್ಲ ಅಂತ ಎರಡು ಓ ಹಾಕಿ ಬರದ್ರ, ಕಟ್ಟಿದ ದನ ಬಿಟ್ಟಂಗ ಡೇಟಾ ಬಿಡೂದಿಲ್ಲ ಅಂದಂಗ ಆತು. ಹಂಗ ನೋಡಿದ್ರ ಅದೂ ಚಲೋ ಮಾತs!

ಈ ಸ, ಜ಼ ಆಟ ಇನ್ನೂ ಭಾಳ ಕಡೆ ಐತ್ರಿ. ಸಲಹೆ ‘ಅಡ್ವೈಸ್’, ಸಲಹೆ ಕೊಡೂದು ‘ಅಡ್ವೈಜ಼್’. ಸಾಧನ ‘ಡಿವೈಸ್’, ಹೊಂಚಿ ಮಾಡೂದು ‘ಡಿವೈಜ಼್’. ‘ಯೂಸ್’ ಅನ್ನೂದು ಹೆಸರಾದಾಗ ಸ, ಕೆಲಸ ಆದಾಗ ಜ಼, ಬರಿಯೂದು ಮಾತ್ರ ಒಂದ. ಹೆಸರಿಗೆ ಬರೇ ಉಸಿರು, ಕ್ರಿಯಾಕ್ಕ ಗಂಟಲದ ನಾದ. ‘ಬಿಲೀಫ್’, ‘ಬಿಲೀವ್’ ಹಂಗs. ‘ಪ್ರೂಫ್’, ‘ಪ್ರೂವ್’ ಹಂಗs. ಕೆಲಸ ಮಾಡಬೇಕಂದ್ರ ಗಂಟಲಾ ನಡಗಬೇಕು ಅಂತ ನಾ ನೆನಪಿಟ್ಟೇನಿ.

ಕುಡ್ಲದ_ನರ್ಸಕ್ಕ

ಧಾರವಾಡದ ಅಣ್ಣ ಹೇಳಿದ್ದು ಓದಿ ಖುಷಿ ಆಯ್ತು ಮಾರಾಯ್ರೆ. ನಾನು ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಇರುವುದು. ನನ್ನ ದಿನದ ಅನ್ನವೇ ‘ಬ್ರೆತ್’ ಮತ್ತು ‘ಬ್ರೀದ್’. ಉಸಿರು ‘ಬ್ರೆತ್’, ಉಸಿರಾಡುವುದು ‘ಬ್ರೀದ್’, ಕೊನೆಗೆ ಒಂದು ಇ ಉಂಟು. ಬಂದ ಹೊಸತರಲ್ಲಿ ನಾನು ಅಜ್ಜಂದಿರಿಗೆಲ್ಲ ‘ಬ್ರೆತ್, ಬ್ರೆತ್’ ಅಂತ ಹೇಳ್ತಿದ್ದದ್ದು, ಅವರು ಪಾಪ ಅರ್ಥ ಮಾಡ್ಕೊಂಡು ಉಸಿರೆಳೀತಿದ್ರು.

ರಾತ್ರಿ ಪಾಳಿ ಮುಗಿಸಿ ಹ್ಯಾಂಡೋವರ್ ಬರೆಯುವಾಗ ‘ಪೇಶಂಟ್ ಲೇಯಿಂಗ್ ಆನ್ ಲೆಫ್ಟ್ ಸೈಡ್’ ಅಂತ ಬರೆದಿದ್ದೆ. ಅಲ್ಲಿಯ ಹಿರಿಯ ನರ್ಸ್ ಒಬ್ಬರು ಬಂದು ಮೆಲ್ಲಗೆ ‘ಮೊಟ್ಟೆ ಎಷ್ಟು ಸಿಕ್ಕಿತು?’ ಅಂತ ಕೇಳಿದರು. ಆ ಕೋಳಿ ಜೋಕು ಅಲ್ಲಿಯೂ ಉಂಟು ನೋಡಿ ಮೇಡಂ.

ಮತ್ತೆ ‘ಪ್ರಿಸ್ಕ್ರೈಬ್’, ‘ಪ್ರೊಸ್ಕ್ರೈಬ್’ ಜಾಗ್ರತೆ. ಒಂದು ಔಷಧಿ ಬರೆದುಕೊಡುವುದು, ಇನ್ನೊಂದು ನಿಷೇಧ ಮಾಡುವುದು. ಒಂದು ಅಕ್ಷರದಲ್ಲಿ ಅರ್ಥ ತಲೆಕೆಳಗು.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಧಾರವಾಡದ ಅಣ್ಣನ ಸೂತ್ರ ಇಟ್ಕೊಂಡು ನೋಡಿದೆ, ‘ಪ್ರಾಕ್ಟೀಸ್’ನಲ್ಲಿ ಕೈಕೊಡ್ತು. ಸಿ ಹಾಕಿದ್ರೂ ಎಸ್ ಹಾಕಿದ್ರೂ ಧ್ವನಿ ಒಂದೇ ಅಲ್ವಾ?

ಧಾರವಾಡದಂವ

ಖರೇ. ಅದು ಕಿವಿಗೆ ಸಿಗೂದಿಲ್ಲ. ಬ್ರಿಟಿಷ್ ಬರವಣಿಗ್ಯಾಗ ಹೆಸರಿಗೆ ಸಿ, ಕ್ರಿಯಾಕ್ಕ ಎಸ್. ‘ಲೈಸೆನ್ಸ್’ ಸುದ್ದೀನೂ ಹಂಗs. ನಮ್ಮ 1988ರ ಮೋಟಾರು ವಾಹನ ಕಾಯ್ದೆದಾಗ ಡ್ರೈವಿಂಗ್ ಲೈಸೆನ್ಸಿಗೆ ಸಿ ಐತಿ. ಅಮೆರಿಕಾದವ್ರು ‘ಪ್ರಾಕ್ಟೀಸ್’ ಎರಡಕ್ಕೂ ಸಿ ಹಾಕ್ತಾರ, ‘ಲೈಸೆನ್ಸ್’ ಎರಡಕ್ಕೂ ಎಸ್ ಹಾಕ್ತಾರ. ಯಾಕಂತ ಕೇಳಬ್ಯಾಡ್ರಿ. ನಿಮ್ಮ ಕ್ಲೈಂಟ್ ಯಾವ ದೇಶದಂವ ಅಂತ ನೋಡಿ ಬರೀರಿ.

ಬೆಣ್ಣೆದೋಸೆ_ದಾವಣಗೆರೆ

ಇನ್ನೊಂದು. ‘ಅಡಾಪ್ಟ್’ ಮತ್ತು ‘ಅಡಾಪ್ಟ್’. ನಗಬೇಡಿ, ಎರಡು ಬೇರೆ ಪದ. ಒಂದರಲ್ಲಿ ಎ, ಒಂದರಲ್ಲಿ ಓ.

ನಿವೃತ್ತ_ಮೇಡಂ_ತಿಪಟೂರು

ನಗಲ್ಲಪ್ಪಾ, ಅದೂ ನಮ್ಮ ಕಿವಿಯ ಸಮಸ್ಯೆಯೇ. ‘ಬ್ಯಾಟ್’ನ ಸ್ವರ ಬೇರೆ, ‘ಕಾಟ್’ನ ಸ್ವರ ಬೇರೆ. ನಾವು ಎರಡನ್ನೂ ಎಳೆದು ‘ಆ’ ಮಾಡ್ತೀವಿ. ‘ಅಡ್ಯಾಪ್ಟ್’ ಅಂದ್ರೆ ಒಗ್ಗಿಸಿಕೊಳ್ಳೋದು, ಹೊಂದಿಸಿಕೊಳ್ಳೋದು. ‘ಅಡಾಪ್ಟ್’ ಅಂದ್ರೆ ಆರಿಸಿ ತನ್ನದು ಮಾಡಿಕೊಳ್ಳೋದು. ಅದರೊಳಗೆ ‘ಆಪ್ಟ್’ ಇದೆಯಲ್ಲ, ‘ಆಪ್ಷನ್’ನ ಆಪ್ಟ್. ದತ್ತು ತಗೊಳ್ಳೋದಕ್ಕೆ ಮಾತ್ರ ಅಲ್ಲ, ನಮ್ಮ ಸಂವಿಧಾನದ ಪೀಠಿಕೆಯಲ್ಲಿ 26 ನವೆಂಬರ್ 1949ರಂದು ನಾವು ಅಂಗೀಕರಿಸಿದೆವು ಅನ್ನೋದಕ್ಕೂ ಅದೇ ಪದ. ಅಲ್ಲಿ ಓ ಬದಲು ಎ ಹಾಕಿ ಓದಿ ನೋಡು. ಯಾರದೋ ಅಂಗಿ ಅಳತೆ ಕತ್ತರಿಸಿ ಹಾಕ್ಕೊಂಡ ಹಾಗಿರುತ್ತೆ.

ಸಂವಿಧಾನ ಅಂದಾಗ ನೆನಪಾಯ್ತು, ‘ಎನ್‌ಶೂರ್’, ‘ಇನ್‌ಶೂರ್’. ಆಗುವ ಹಾಗೆ ನೋಡ್ಕೊಳ್ಳೋದು ‘ಎನ್‌ಶೂರ್’. ದುಡ್ಡು ಕಟ್ಟಿ ವಿಮೆ ಮಾಡಿಸೋದು ‘ಇನ್‌ಶೂರ್’. 1956ರಲ್ಲಿ ಹುಟ್ಟಿದ ಎಲ್‌ಐಸಿಯ ನಡುವಿನ ಐ ನೆನಪಿಟ್ಟರೆ ಸಾಕು. ಆದ್ರೆ ಯಾರಾದ್ರೂ ಅಮೆರಿಕದವರು ಐ ಹಾಕಿ ಬರೆದ್ರೆ ತಿದ್ದೋಕೆ ಹೋಗಬೇಡ. 1787ರ ಅವರ ಸಂವಿಧಾನದ ಪೀಠಿಕೆಯಲ್ಲೇ ದೇಶದೊಳಗಿನ ಶಾಂತಿಯನ್ನ ‘ಇನ್‌ಶೂರ್’ ಮಾಡೋದಾಗಿ ಬರೆದಿದೆ.

ಕಾಫಿಗಿಡ_ಸಕಲೇಶಪುರ

‘ಬಾಟ್’, ‘ಬ್ರಾಟ್’ ಯಾರೂ ಹೇಳಲೇ ಇಲ್ಲ. ನನಗೆ ಅದು ಕಿವಿಯ ತಪ್ಪು ಅನ್ನಿಸಲ್ಲ, ಕನ್ನಡದ್ದೇ ತಪ್ಪು. ‘ಸಂತೆಯಿಂದ ಅಕ್ಕಿ ತಂದೆ’ ಅಂದ್ರೆ ದುಡ್ಡು ಕೊಟ್ಟೇ ತಂದಿದ್ದು ಅಂತ ನಮಗೆ ಗೊತ್ತು, ಕೊಂಡೆ ಅಂತ ಬೇರೆ ಹೇಳಲ್ಲ. ಇಂಗ್ಲಿಷಿನವನಿಗೆ ‘ಬ್ರಾಟ್’ ಅಂದ್ರೆ ಬರೀ ಹೊತ್ತು ತಂದಿದ್ದು. ದುಡ್ಡು ಕೊಟ್ಟಿದ್ರೆ ‘ಬಾಟ್’. ‘ಬ್ರಿಂಗ್’ನಲ್ಲಿ ರ ಇದೆ, ‘ಬ್ರಾಟ್’ನಲ್ಲೂ ಇದೆ. ‘ಬೈ’ನಲ್ಲಿ ಇಲ್ಲ, ‘ಬಾಟ್’ನಲ್ಲೂ ಇಲ್ಲ. ನಾನು ಆ ರ ಹಿಡ್ಕೊಂಡೇ ಬರೆಯೋದು.

ಹುಳುಮನೆ_ಶಿಡ್ಲಘಟ್ಟ

ನನಗೆ ‘ಅಕ್ಸೆಪ್ಟ್’ ಮಾತ್ರ ಸಾಕಪ್ಪಾ. ನಮ್ಮ ಕಡೆ ಎಲ್ಲರೂ ಅದನ್ನ ‘ಎಕ್ಸೆಪ್ಟ್’ ಅಂತಾನೇ ಅನ್ನೋದು. ಮದುವೆ ಮಾತುಕತೆಯಲ್ಲಿ ಹುಡುಗಿ ಕಡೆಯವರಿಗೆ ‘ವಿ ಎಕ್ಸೆಪ್ಟ್’ ಅಂತ ಮೆಸೇಜು ಕಳಿಸಿದಾನೆ ನಮ್ಮ ಚಿಕ್ಕಪ್ಪನ ಮಗ. ಒಪ್ಪಿದೀವಿ ಅಂತ ಬರೆಯೋಕೆ ಹೋಗಿ, ನಿಮ್ಮನ್ನ ಬಿಟ್ಟು ಅಂತ ಬರೆದಂಗೆ. ಪುಣ್ಯಕ್ಕೆ ಅವರೂ ಎಕ್ಸೆಪ್ಟ್ ಅನ್ನೋರೇ, ಮದುವೆ ಆಯ್ತು.

ಸುಮ್ನೆ_ಓದೋನು

ನಾನೂ ಒಂದು ಸೇರಿಸಿಬಿಡ್ತೀನಿ. ‘ಹ್ಯಾಂಗ್’. ಬಟ್ಟೆ ನೇತುಹಾಕಿದ್ರೆ ‘ಹಂಗ್’, ಮನುಷ್ಯನನ್ನ ಗಲ್ಲಿಗೆ ಹಾಕಿದ್ರೆ ‘ಹ್ಯಾಂಗ್ಡ್’. 2018ರ ಚುನಾವಣೆ ಆದಾಗ ನಾನು ಸ್ಟೇಟಸ್ಸಲ್ಲಿ ‘ಹ್ಯಾಂಗ್ಡ್ ಅಸೆಂಬ್ಲಿ’ ಅಂತ ಹಾಕಿದ್ದೆ. ಅತಂತ್ರ ವಿಧಾನಸಭೆ ಹೋಗಿ, ಗಲ್ಲಿಗೇರಿಸಿದ ವಿಧಾನಸಭೆ ಆಗಿತ್ತು. ಯಾರೂ ತಿದ್ದಲಿಲ್ಲ. ಒಪ್ಪಿಕೊಂಡ್ರೋ ಏನೋ.

ಬೆಣ್ಣೆದೋಸೆ_ದಾವಣಗೆರೆ

ಒಂದು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಮಾನಿಟರ್ ಮೇಲೆ ‘ಏನನ್ನು?’ ಅಂತ ಚೀಟಿ ಅಂಟಿಸಿದೀನಿ. ಅದರ ಕೆಳಗೆ ‘ಇಸು’. ಪಕ್ಕದ ಸೀಟಿನ ತೆಲುಗು ಹುಡುಗನಿಗೂ ಹೇಳ್ಕೊಟ್ಟೆ, ಅವರಲ್ಲೂ ಅಂಥ ಬಾಲ ಇದೆಯಂತೆ, ತಕ್ಷಣ ಹಿಡ್ಕೊಂಡ. ನಿನ್ನೆ ಉದ್ದದ ಮೇಲ್ ಕಳಿಸಿದೆ: ಟಿಕೆಟ್ ‘ರೇಸ್ಡ್’, ಸಮಸ್ಯೆ ‘ಲೈಸ್’, ಡೇಟಾ ‘ಲೂಜ಼್’ ಒಂದೇ ಓ. ಒಂದೂ ತಪ್ಪಿಲ್ಲ.

ಅದಕ್ಕೆ ಮ್ಯಾನೇಜರು ಎಲ್ಲರಿಗೂ ಕಾಪಿ ಹಾಕಿ ಉತ್ತರ ಕೊಟ್ಟಿದಾರೆ: ‘ಪ್ಲೀಸ್ ಅಡ್ವೈಸ್’. ಸಿ ಹಾಕಿ. ಮುಂದಿನ ಮೀಟಿಂಗಲ್ಲಿ ಸ್ಕ್ರೀನಿಗೆ ಹಾಕ್ಲಾ ಮೇಡಂ?

ನಿವೃತ್ತ_ಮೇಡಂ_ತಿಪಟೂರು

ಸುಮ್ಮನಿರಪ್ಪಾ. ಲೇಯರ್ ಆಯ್ತು, ಲೇಔಟ್ ಆಯ್ತು, ಆ ಮೂರನೇ ‘ಲೇ’ ನಿನಗೆ ಈಗ ಬೇಡ.